ನಡುವೆ ಬಿಟ್ಟ ಜಾಗ

ಡಾಕ್ಟರು ಬರೆಯಲು ಹೇಳಿದ ನೋಟುಪುಸ್ತಕದಲ್ಲಿ ನಾನು ಬರೆದ ಮೊದಲ ವಾಕ್ಯ 'ನಾನು ಕ್ಷೇಮವಾಗಿದ್ದೇನೆ' ಎಂಬುದು. ಕ್ಷೇಮವಾಗಿರುವವರಿಗೆ ಯಾವ ಡಾಕ್ಟರೂ ಪುಸ್ತಕ ಬರೆಯಲು ಹೇಳುವುದಿಲ್ಲ ಎನ್ನುವಷ್ಟು ಬುದ್ಧಿ ನನಗೆ ಆಗ ಇರಲಿಲ್ಲ. ಹತ್ತೊಂಬತ್ತು ವರ್ಷ. ಬುದ್ಧಿ ಇದ್ದಿದ್ದರೂ ಅದೇ ಬರೆಯುತ್ತಿದ್ದೆನೋ ಏನೋ.

ನನಗಿದ್ದದ್ದು ಫಿಟ್ಸ್. ಮೂರ್ಛೆರೋಗ, ಅಪಸ್ಮಾರ ಎಂದೆಲ್ಲ ಅದಕ್ಕೆ ಹೆಸರಿದೆ. ನಮ್ಮ ಮನೆಯಲ್ಲಿ 'ಅದು' ಎನ್ನುತ್ತಿದ್ದರು, ಅಷ್ಟೆ. ನಾನು ಬೀಳದೆ ಈಗ ಆರು ವರ್ಷವಾಯಿತು. ದಿನಾ ಸಂಜೆ ಎರಡು ಮಾತ್ರೆ ನುಂಗುತ್ತೇನೆ, ಬಾವಿಕಟ್ಟೆಯ ಹತ್ತಿರ ಒಬ್ಬಳೇ ಹೋಗುವುದಿಲ್ಲ, ಉಳಿದಂತೆ ಎಲ್ಲರ ಹಾಗೆ ಇದ್ದೇನೆ. 'ಅದು' ಬಂದ ಹುಡುಗಿಯೊಬ್ಬಳು ಯಾವುದೋ ಮನೆಯ ಒಳಕೋಣೆಯಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದರೆ, ಅವಳು ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಬೋಳಾರದಲ್ಲಿ ನದಿಯ ಕಡೆ ಇಳಿಯುವ ಓಣಿಯಲ್ಲಿ ನಮ್ಮ ಮನೆ. ಅಪ್ಪ ಹಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿ. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿದ್ದೆ, ಓಣಿಯ ಅರ್ಧ ಮನೆಗಳ ಕಾಗದ ನಾನೇ ಬರೆಯುತ್ತಿದ್ದೆ. ಆಗ ಗಂಡುಮಕ್ಕಳೆಲ್ಲ ಒಂದೋ ಬೊಂಬಾಯಿಯ ಹೋಟೆಲುಗಳಲ್ಲಿ, ಇಲ್ಲದಿದ್ದರೆ ಗಲ್ಫಿನಲ್ಲಿ. ಹೆಂಗಸರು ತುಳುವಿನಲ್ಲಿ ಹೇಳುತ್ತಿದ್ದರು, ನಾನು ಕನ್ನಡದಲ್ಲಿ ಬರೆಯುತ್ತಿದ್ದೆ. ಬರೆದದ್ದನ್ನು ಓದಿ ಹೇಳಬೇಕು, ಅವರು ತಲೆಯಾಡಿಸಬೇಕು, ಆಮೇಲೆಯೇ ಅನ್ನದ ಅಗುಳಿನಲ್ಲಿ ಅಂಟಿಸುವುದು. ಅವರು ಬಾಯಿ ತೆರೆಯುವ ಮೊದಲೇ ನಾನು 'ಇಲ್ಲಿ ನಾವೆಲ್ಲ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ' ಎಂದು ಬರೆದಿಡುತ್ತಿದ್ದೆ. ಅತ್ತೆ ಬಿದ್ದು ಸೊಂಟ ಮುರಿದುಕೊಂಡಿದ್ದರೂ ಮೊದಲ ಸಾಲು ಅದೇ. ದೂರ ಇರುವವರನ್ನು ಹೆದರಿಸಬಾರದು.

ಮೊದಲ ಸಲ ಬಿದ್ದದ್ದು ಅಂಥ ಒಂದು ಕಾಗದ ಬರೆಯುವಾಗ. ಪಕ್ಕದ ಮನೆಯ ಜಲಜಕ್ಕ ನಮ್ಮ ಚಾವಡಿಯಲ್ಲಿ ಕೂತು ಬೊಂಬಾಯಿಯ ಮಗನಿಗೆ ಬರೆಸುತ್ತಿದ್ದಳು. ಮಧ್ಯಾಹ್ನ ಮೂರು ಗಂಟೆ ಇರಬಹುದು. ಎಲ್ಲಿಂದಲೋ ರಬ್ಬರು ಸುಟ್ಟ ವಾಸನೆ ಬಂತು. ಜಲಜಕ್ಕನ ಮಾತು ದೂರ ಹೋದ ಹಾಗಾಯಿತು. ಮತ್ತೆ ನನಗೆ ಗೊತ್ತಾದದ್ದು ಚಾಪೆಯ ಮೇಲೆ. ನಾಲಗೆ ಕಚ್ಚಿ ಹೋಗಿತ್ತು, ಲಂಗ ಒದ್ದೆಯಾಗಿತ್ತು, ಬಲಗೈ ನೋಯುತ್ತಿತ್ತು. ಕೈ ಬಿಡಿಸಿ ನೋಡಿದರೆ ಅಂಗೈಯಲ್ಲಿ ನಮ್ಮ ಅಕ್ಕಿ ಪೆಟ್ಟಿಗೆಯ ದೊಡ್ಡ ಬೀಗದ ಕೈಯ ಗುರುತು, ಹಲ್ಲುಗಳ ಸಮೇತ. ಕಬ್ಬಿಣ ಹಿಡಿಸಿದರೆ 'ಅದು' ಬಿಟ್ಟುಹೋಗುತ್ತದೆ ಎಂದು ನಂಬಿಕೆ.

"ಎಂತ ಆಯ್ತಮ್ಮ ನಂಗೆ?" ಎಂದು ಕೇಳಿದೆ.

"ಎಂತ ಇಲ್ಲ ಮಗಾ. ಸ್ವಲ್ಪ ತಲೆ ತಿರುಗಿದ್ದು," ಎಂದಳು ಅಮ್ಮ. ನನ್ನ ಮುಖ ನೋಡಲಿಲ್ಲ.

ಬರೆಯುತ್ತಿದ್ದ ಇನ್‌ಲ್ಯಾಂಡ್ ಅಲ್ಲೇ ಬಿದ್ದಿತ್ತು. 'ಇಲ್ಲಿ ನಾವೆಲ್ಲ ಕ್ಷೇಮ' ಎಂಬಲ್ಲಿಂದ ಒಂದು ಗೆರೆ ಹೊರಟು, ನೀಲಿ ಕಾಗದವನ್ನು ಹರಿದುಕೊಂಡು, ಅಂಚಿನವರೆಗೂ ಹೋಗಿತ್ತು. ನಾನು ಇಲ್ಲದಿದ್ದಾಗ ನನ್ನ ಕೈ ಬರೆದ ಗೆರೆ ಅದು. ಅದನ್ನು ನೋಡಿ ನನಗೆ ಆದ ಹೆದರಿಕೆ ಬಿದ್ದದ್ದಕ್ಕಿಂತ ಹೆಚ್ಚು.

ಎರಡನೆಯ ಸಲ ಬಿದ್ದ ಮೇಲೆ ಅಪ್ಪ ನನ್ನನ್ನು ಪೇಟೆಯ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದರು. ಡಾಕ್ಟರು ವಯಸ್ಸಾದವರು, ಮೆಲ್ಲಗೆ ಮಾತಾಡುವವರು. "ಮನೆಯಲ್ಲಿ ಇನ್ಯಾರಿಗಾದ್ರೂ ಹೀಗೆ ಉಂಟಾ? ಮೊದಲು ಇತ್ತಾ?" ಎಂದು ಕೇಳಿದರು.

"ಇಲ್ಲ ಡಾಕ್ಟ್ರೇ. ಯಾರಿಗೂ ಇಲ್ಲ," ಎಂದರು ಅಪ್ಪ. ಕೇಳಿ ಮುಗಿಯುವ ಮೊದಲೇ ಹೇಳಿದರು.

ಡಾಕ್ಟರು ಒಂದು ನೋಟುಪುಸ್ತಕ ತರಿಸಿ, ಸ್ಕೇಲಿಟ್ಟು ತಾವೇ ಗೆರೆ ಹೊಡೆದುಕೊಟ್ಟರು. ತಾರೀಕು, ಮಾತ್ರೆ ತೆಗೆದುಕೊಂಡೆಯೋ ಇಲ್ಲವೋ, ಆಮೇಲೆ ಮೂರು ದೊಡ್ಡ ಜಾಗ: ಮೊದಲು, ನಡುವೆ, ನಂತರ. "ಮೊದಲು ಎಂತ ಅನಿಸ್ತು, ನಂತರ ಎಂತ ಅನಿಸ್ತು, ಅದು ನೀನು ಬರಿ. ನಡುವೆ ಆದದ್ದು ನಿಂಗೆ ಗೊತ್ತಾಗುದಿಲ್ಲ. ಮನೆಯವರನ್ನು ಕೇಳಿ ಬರಿ. ಯಾವ ಕೈ ಮೊದಲು ಆಡಿತು, ಕಣ್ಣು ಎಲ್ಲಿ ಹೋಯ್ತು, ಎಷ್ಟು ಹೊತ್ತು. ಅದೇ ನನಗೆ ಮುಖ್ಯ."

ಮನೆಯಲ್ಲಿ ಯಾರೂ ಹೇಳಲಿಲ್ಲ. ಮುಂದಿನ ಮೂರು ತಿಂಗಳಲ್ಲಿ ನಾಲ್ಕು ಸಲ ಬಿದ್ದೆ. ಪ್ರತಿ ಸಲವೂ ಅಂಗೈಯಲ್ಲಿ ಬೀಗದ ಕೈಯ ಗುರುತು, ಪ್ರತಿ ಸಲವೂ "ಎಂತ ಇಲ್ಲ ಮಗಾ". ನಾನು 'ನಡುವೆ' ಎಂಬಲ್ಲಿ ಜಾಗ ಬಿಟ್ಟೆ. ದಿನ ಹೋದ ಹಾಗೆ ಆ ಬಿಳಿ ಜಾಗ ನನಗೆ ಯಾರೋ ಕೂತಿರುವ ಕೋಣೆಯಂತೆ ಕಾಣತೊಡಗಿತು.

ಆಸ್ಪತ್ರೆಯ ಬೆಂಚಿನಲ್ಲಿ ಒಮ್ಮೆ ಸುರತ್ಕಲ್ ಕಡೆಯ ಒಬ್ಬ ಬ್ಯಾರಿ ಹೆಂಗಸು ಪಕ್ಕದಲ್ಲಿ ಕೂತಿದ್ದರು. ಕಾಯಿಲೆ ಅವರ ಗಂಡನಿಗೆ. ನಾನು ಕೇಳದೆಯೇ ಹೇಳಿದರು, "ಮೊದಲು ಎಡದ ಬೆರಳು ಆಡ್ತದೆ, ಮತ್ತೆ ಬಾಯಿ ಓರೆ ಆಗ್ತದೆ. ನಾನು ಒಂದರಿಂದ ಎಣಿಸ್ತೇನೆ. ನೂರಿಪ್ಪತ್ತಕ್ಕೆ ನಿಲ್ತದೆ."

"ನಿಮಗೆ ನೋಡ್ಲಿಕ್ಕೆ ಹೆದರಿಕೆ ಆಗುದಿಲ್ವಾ?" ಎಂದೆ.

"ಆಗ್ತದೆ. ಆದ್ರೆ ಅವರಿಗೆ ನೋಡ್ಲಿಕ್ಕೆ ಆಗುದಿಲ್ಲ ಅಲ್ವಾ? ನಾನಾದ್ರೂ ನೋಡ್ಬೇಕಲ್ಲ ಮಾರಾಯ್ತಿ."

ಆ ಗಂಡಸಿನ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು. ಬಾಯಿ ಓರೆಯಾಗುವವನ ಮೇಲೆ ಹೊಟ್ಟೆಕಿಚ್ಚು ಪಡುವವಳು ಊರಲ್ಲಿ ನಾನೊಬ್ಬಳೇ ಇರಬೇಕು.

ಮನೆಯಲ್ಲಿ ಮಾತು ಬೇರೆಯೇ ನಡೆಯುತ್ತಿತ್ತು. ಅದು ನನ್ನ ಕಿವಿಗೆ ಬಿದ್ದದ್ದು ಜಲಜಕ್ಕನ ಬಾಯಿಂದ. ಮೊದಲ ಸಲ ನಾನು ಬಿದ್ದಾಗ ಅವಳು ಅಮ್ಮನನ್ನು ಕೂಗಿ ಕರೆದು, ಜನ ಕರೆತರಲು ಓಣಿಗೆ ಓಡಿದ್ದಳಂತೆ. ಮೆಟ್ಟಿಲು ಇಳಿಯುವಾಗ ಒಳಗಿನಿಂದ "ಕುಸುಮಾ, ಕುಸುಮಾ" ಎಂದು ಕೂಗು ಕೇಳಿತಂತೆ. "ನಿನ್ನ ಸ್ವರ ಅಲ್ಲ ವಾರಿಜಾ ಅದು. ಯಾರೋ ನಿನ್ನ ಒಳಗೆ ಕೂತು ಕೂಗಿದ ಹಾಗೆ ಇತ್ತು."

ಕುಸುಮ ನನ್ನ ಅಕ್ಕ. ಮೂರು ವರ್ಷಕ್ಕೆ ತೀರಿಹೋದವಳು, ನಾನು ಹುಟ್ಟುವ ಮೊದಲೇ. ಫೋಟೋ ಇಲ್ಲ. ಜ್ವರ ಬಂದು ಹೋದಳು ಎಂಬಷ್ಟೇ ನನಗೆ ಗೊತ್ತು, ಮನೆಯಲ್ಲಿ ಅವಳ ಹೆಸರು ಎತ್ತುವ ಕ್ರಮವಿರಲಿಲ್ಲ. ಎಂದೂ ನೋಡದ, ಹೆಸರೆತ್ತದ ಅಕ್ಕನನ್ನು ನಾನು ಬಿದ್ದಲ್ಲಿಂದ ಕರೆದೆ ಎಂದರೆ ಏನು ಅರ್ಥ? ಸೋದರಮಾವ ಬಂದರು. ನಮ್ಮಲ್ಲಿ ಇಂಥದ್ದಕ್ಕೆಲ್ಲ ಅಮ್ಮನ ಅಣ್ಣನ ಮಾತೇ ಕೊನೆಯ ಮಾತು. ಜೋಯಿಸರನ್ನು ಕೇಳಿದರು. ಕುಸುಮ ಈಗ ಮದುವೆಯ ಪ್ರಾಯಕ್ಕೆ ಬಂದಿದ್ದಾಳೆ, ತಂಗಿಯ ಮೈಮೇಲೆ ಬಂದು ಮದುವೆ ಕೇಳುತ್ತಿದ್ದಾಳೆ, ಕುಲೆ ಮದಿಮೆ ಮಾಡಬೇಕು ಎಂದು ತೀರ್ಮಾನವಾಯಿತು.

ಸತ್ತವರಿಗೂ ಪ್ರಾಯ ಬರುತ್ತದೆ, ಅವರಿಗೂ ಮದುವೆ ಆಗಬೇಕು ಎಂಬುದು ನಮ್ಮವರ ನಂಬಿಕೆ. ಅವರನ್ನೇ ಕುಲೆ ಎನ್ನುವುದು. ವಾಮಂಜೂರಿನ ಒಂದು ಮನೆಯಲ್ಲಿ ಐದು ವರ್ಷಕ್ಕೆ ಹಾವು ಕಚ್ಚಿ ತೀರಿಕೊಂಡ ಹುಡುಗನಿದ್ದ. ಜಾತಕ ನೋಡಿದರು, ಕೂಡಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಕಾಯಿಲೆ ನನಗೆ, ಮದುವೆ ಅಕ್ಕನಿಗೆ. ಈಗ ಹೀಗೆ ತಮಾಷೆ ಮಾಡುತ್ತೇನೆ. ಆಗ ನಾನೂ ನಂಬಿದ್ದೆ. ನಂಬದೆ ಇರಲು ನನ್ನ ಹತ್ತಿರ ಏನಿತ್ತು, ಒಂದು ಬಿಳಿ ಜಾಗ ಬಿಟ್ಟರೆ?

ಮಳೆ ಬಿಡದ ಆಟಿ ತಿಂಗಳ ಒಂದು ಸಂಜೆ, ದೀಪ ಹಚ್ಚಿದ ಮೇಲೆ, ನಮ್ಮ ಚಾವಡಿಯಲ್ಲಿ ಮದುವೆ. ಎರಡು ಮಣೆ, ಒಂದರ ಮೇಲೆ ಸೀರೆ, ಬಳೆ, ಮಲ್ಲಿಗೆ, ಇನ್ನೊಂದರ ಮೇಲೆ ಪಂಚೆ. ಇದೆಲ್ಲ ಆಮೇಲೆ ಕೇಳಿದ್ದು. ಮದುವೆಯಾಗದವರು ಆ ಮದುವೆ ನೋಡಬಾರದು. ನನ್ನನ್ನು ಒಳಕೋಣೆಗೆ ಕಳಿಸಿ ಹೊರಗಿನಿಂದ ಚಿಲಕ ಹಾಕಿದರು. ನನ್ನ ಕಾಯಿಲೆಯ ಮದ್ದು ನಡೆಯುತ್ತಿದ್ದದ್ದು ಬಾಗಿಲಿನ ಆಚೆ. ಮಲ್ಲಿಗೆಯ ಪರಿಮಳ ಬಾಗಿಲಿನ ಕೆಳಗಿನಿಂದ ಬಂತು. ಮದುವೆ ಮಾತುಕತೆಯೆಲ್ಲ ಬದುಕಿದ್ದವರ ಮದುವೆಯ ಹಾಗೆಯೇ. ಕೊನೆಗೆ ಅಮ್ಮ ಅತ್ತದ್ದು ಕೇಳಿತು, ಮಗಳನ್ನು ಗಂಡನ ಮನೆಗೆ ಕಳಿಸುವವರು ಅಳುವ ಹಾಗೆ. "ಹೋಗಿ ಬಾ ಮಗಾ" ಎಂದಳು. ನನ್ನನ್ನು ಕರೆಯುವ ಅದೇ 'ಮಗಾ'. ಅಕ್ಕ ಅಲ್ಲಿ ಮಣೆಯ ಮೇಲಿದ್ದರೆ ಈ ಕೋಣೆಯಲ್ಲಿ ನನ್ನ ಬೆನ್ನ ಹಿಂದೆ ಉಸಿರಾಡುತ್ತಿರುವುದು ಯಾರು ಎಂದು ನಾನು ಕಣ್ಣು ಮುಚ್ಚಿ ಕೂತಿದ್ದೆ. ತಿರುಗಿ ನೋಡುವ ಧೈರ್ಯ ಬರಲಿಲ್ಲ.

ಮಾರನೆಯ ದಿನ ಅಮ್ಮ ಮಾತ್ರೆಯ ಡಬ್ಬಿಯನ್ನು ಅಟ್ಟಕ್ಕೆ ಏರಿಸಿದಳು. "ಅವಳು ಅವಳ ಮನೆಗೆ ಹೋಗಿಯಾಯ್ತು. ಇನ್ನು ಅದು ಯಾಕೆ?" ಎಂದಳು. ನನಗೂ ಸಂತೋಷವೇ. ಆ ಮಾತ್ರೆ ತಿಂದರೆ ದಿನವಿಡೀ ತೂಕಡಿಕೆ. ಆದರೆ ಡಾಕ್ಟರಿಗೆ ಹೇಳುವುದು ಹೇಗೆ? ಮಾತ್ರೆ ತೆಗೆದುಕೊಂಡೆಯೋ ಎಂಬಲ್ಲಿ ದಿನಾ 'ಹೌದು' ಎಂದು ಬರೆದೆ. ಉಳಿದಲ್ಲಿ 'ಕ್ಷೇಮ'. ಜಲಜಕ್ಕನ ಮಗನಿಗೆ ಬರೆದ ಹಾಗೆಯೇ ಡಾಕ್ಟರಿಗೂ ಬರೆದೆ. ದೂರ ಇರುವವರನ್ನು ಹೆದರಿಸಬಾರದಲ್ಲ.

ಒಂದು ತಿಂಗಳು ಏನೂ ಆಗಲಿಲ್ಲ. ಆಮೇಲೆ ಶುರುವಾಯಿತು, ಮೊದಲಿಗಿಂತ ಜೋರಾಗಿ. ಬಿದ್ದದ್ದನ್ನು ಮುಚ್ಚಿಡಲು ಆಗಲಿಲ್ಲ, ಹಣೆಯಲ್ಲಿ ಗಾಯ ಇತ್ತು. ಡಾಕ್ಟರು ಪುಸ್ತಕ ತಿರುವಿದರು. ಸಾಲಾಗಿ 'ಹೌದು, ಹೌದು, ಹೌದು'. "ಇಷ್ಟು ಸರಿಯಾಗಿ ತಿಂದರೂ ಹೀಗೆ ಆಗ್ತದೆ ಅಂದ್ರೆ ಈ ಮದ್ದು ಸಾಲುದಿಲ್ಲ," ಎಂದು ದುಪ್ಪಟ್ಟು ಮಾಡಿ, ಇನ್ನೊಂದು ಮಾತ್ರೆಯನ್ನೂ ಸೇರಿಸಿದರು. ಅಮ್ಮ ಅದನ್ನೂ ಅಟ್ಟಕ್ಕೆ ಏರಿಸಿದಳು. ವಾರ ಕಳೆಯುವ ಮೊದಲೇ ಒಂದು ಬೆಳಿಗ್ಗೆ ನಾನು ಒಲೆಯ ಮುಂದೆ ಬಿದ್ದೆ. ಎಡಗೈ ಮೊಣಕೈಯವರೆಗೆ ಬೆಂದಿತು.

ಆಸ್ಪತ್ರೆಯಲ್ಲಿ ಸೇರಿಸಿಕೊಂಡರು, ಪುಸ್ತಕದಲ್ಲಿ ಬರೆದಿದ್ದ ಲೆಕ್ಕದಲ್ಲೇ ಮಾತ್ರೆ ಕೊಟ್ಟರು. ತಿಂಗಳುಗಟ್ಟಲೆ ಒಂದೂ ಮಾತ್ರೆ ತಿನ್ನದ ಮೈಗೆ ಅಷ್ಟೂ ಒಟ್ಟಿಗೆ. ಕೆಲವು ದಿನಗಳಲ್ಲಿ ಗೋಡೆ ವಾಲತೊಡಗಿತು. ಒಬ್ಬ ಸಿಸ್ಟರ್ ಬಂದರೆ ಇಬ್ಬರು ಕಂಡರು. ನಡೆದರೆ ಕುಡಿದವರ ನಡೆ, ನಾಲಗೆ ತೊದಲು. ಹಾಸಿಗೆಯಿಂದ ನೋಡಿದರೆ ಅಮ್ಮನ ಪಕ್ಕದಲ್ಲಿ ಅವಳದ್ದೇ ಇನ್ನೊಂದು ರೂಪ ಕೂತಿರುತ್ತಿತ್ತು. ಮದುವೆ ಮಾಡಿ ಕಳಿಸಿದವಳು ವಾಪಸು ಬಂದಿದ್ದಾಳೆ ಎಂದೇ ನನಗೆ ಅನಿಸಿತು. ಡಾಕ್ಟರು ಬಂದು ನನ್ನ ಕಣ್ಣಿನ ಮುಂದೆ ಬೆರಳು ಆಡಿಸಿ, ಬಹಳ ಹೊತ್ತು ಯೋಚನೆ ಮಾಡಿ, "ವಾರಿಜಾ, ಪುಸ್ತಕದಲ್ಲಿ ಇರುದು ನಿಜವಾ?" ಎಂದು ಕೇಳಿದರು.

ಇಲ್ಲ ಎಂದು ತಲೆಯಾಡಿಸಿದೆ. ಅತ್ತುಬಿಟ್ಟೆ.

ಅವರು ಬೈಯಲಿಲ್ಲ. "ಅಂದ್ರೆ ನಾನು ಇಷ್ಟು ದಿನ ನಿನಗೆ ಮದ್ದು ಕೊಟ್ಟದ್ದಲ್ಲ. ಈ ಪುಸ್ತಕಕ್ಕೆ ಕೊಟ್ಟದ್ದು," ಎಂದರು. ಅವರ ಮುಖ ಬಿಳಿಚಿತ್ತು. ಇವಳನ್ನು ಕೊಂದೇಬಿಡುತ್ತಿದ್ದೆನೋ ಎಂದು ಅವರಿಗೂ ಹೆದರಿಕೆ ಆಗಿತ್ತು ಎಂಬುದು ನನಗೆ ಈಗ ಅರ್ಥವಾಗುತ್ತದೆ.

ಮದ್ದನ್ನು ಇಳಿಸಿ ಮನೆಗೆ ಕಳಿಸುವಾಗ ಹೊಸ ಪುಸ್ತಕ ಕೊಟ್ಟರು. ಅದೇ ಗೆರೆಗಳು. "ಇನ್ನು ಎಷ್ಟು ಕೊಡಬೇಕು ಅಂತ ನನಗೆ ಇದರಲ್ಲೇ ಗೊತ್ತಾಗ್ಬೇಕು. ನೀನು ಬರಿಯದಿದ್ರೆ ನಾನು ಕುರುಡ. ಮುಂದಿನ ಸಲ ಬಾವಿಯ ಹತ್ತಿರ ಬಿದ್ರೆ ಎಂತ ಮಾಡುದು?"

ನನಗೆ ಬರೆಯಲು ಆಗಲಿಲ್ಲ. ಬೆಂದದ್ದು ಎಡಗೈ, ಬರೆಯುವ ಕೈ ಗಟ್ಟಿಯಾಗಿಯೇ ಇತ್ತು, ಹಾಗಾಗಿ ನೆಪವೂ ಇರಲಿಲ್ಲ. ತಾರೀಕು ಹಾಕುತ್ತಿದ್ದೆ. ಪೆನ್ನು ಅಲ್ಲೇ ನಿಲ್ಲುತ್ತಿತ್ತು, ನಿಬ್ಬು ಒಣಗುತ್ತಿತ್ತು, ಒದ್ದೆ ಬಟ್ಟೆಯಲ್ಲಿ ಒರೆಸಿ ಮತ್ತೆ ಇಡುತ್ತಿದ್ದೆ. ಮಾತ್ರೆಯನ್ನು ನಿಜವಾಗಿ ನುಂಗಿ ಬಂದು 'ಹೌದು' ಎಂದು ಬರೆಯಹೋದರೂ ಆ ಅಕ್ಷರ ಸುಳ್ಳಿನ ಹಾಗೆ ಕಾಣುತ್ತಿತ್ತು. ಜಲಜಕ್ಕ ಕಾಗದ ಬರೆಸಲು ಬಂದರೆ ಕೈನೋವು ಎಂದು ಸುಳ್ಳು ಹೇಳಿ ಕಳಿಸಿದೆ. 'ಕ್ಷೇಮ' ಎಂಬ ಶಬ್ದ ಕಂಡರೇ ಪುಟ ಮಗುಚುತ್ತಿದ್ದೆ. ಎರಡು ಸಲ ಆಸ್ಪತ್ರೆಗೆ ಬರೀ ತಾರೀಕುಗಳ ಪುಸ್ತಕ ಹಿಡಿದು ಹೋದೆ. ಡಾಕ್ಟರು ನೋಡಿ ಮುಚ್ಚಿ ವಾಪಸು ಕೊಟ್ಟರು. ಈ ನಡುವೆ ಎರಡು ಸಲ ಬಿದ್ದೂ ಆಗಿತ್ತು. ಬಿಳಿ ಜಾಗದಲ್ಲಿ ಕುಸುಮ ಕೂತೇ ಇದ್ದಳು. ಅವಳ ಮೇಲೆ ಹೇಗೆ ಬರೆಯುವುದು?

ಒಂದು ಮಧ್ಯಾಹ್ನ ಅಮ್ಮ ಚಾವಡಿಯಲ್ಲಿ ಕೂತು ಅಕ್ಕಿಯ ಕಲ್ಲು ಆರಿಸುತ್ತಿದ್ದಳು. ನಾನು ಪುಸ್ತಕ ಬಿಡಿಸಿ ಎದುರಿಗೆ ಕೂತಿದ್ದೆ. ಅಮ್ಮನಿಗೆ ಓದುಬರಹವಿಲ್ಲ. ಆದರೆ ಖಾಲಿ ಪುಟ ಖಾಲಿ ಎಂದು ತಿಳಿಯಲು ಓದು ಬೇಕಾಗಿಲ್ಲ.

"ಇವತ್ತೂ ಬರಿಯಲಿಲ್ವಾ?" ಎಂದಳು.

"ನಂಗೆ ನನ್ನದು ಬರಿಯಲಿಕ್ಕೆ ಆಗುದಿಲ್ಲಮ್ಮ. ಇನ್ನೊಬ್ಬರು ಹೇಳಿದ್ರೆ ಬರಿತಿದ್ದೆ. ಜಲಜಕ್ಕ ಹೇಳ್ತಾಳಲ್ಲ, ಹಾಗೆ ನೀನು ಹೇಳು. ನಾನು ಬಿದ್ದಾಗ ಎಂತ ಆಗ್ತದೆ?"

ಅಮ್ಮ ಮೊರ ಕೆಳಗಿಟ್ಟಳು. "ಮೊದಲು ಬರಿ, ನಾವೆಲ್ಲ ಕ್ಷೇಮ ಅಂತ," ಎಂದಳು. ಅಭ್ಯಾಸದಿಂದ ಹೇಳಿದ್ದು. ನಾನು ಬರೆಯಲಿಲ್ಲ. ಅವಳೂ ಮತ್ತೆ ಹೇಳಲಿಲ್ಲ. ಕಾರ್ಖಾನೆಯ ಕೂಗು ಕೇಳಿತು, ಅಪ್ಪ ಬರಲು ಇನ್ನೂ ಒಂದು ಗಂಟೆ ಇತ್ತು.

"ಬಲಗೈ ಮೊದಲು ಆಡ್ತದೆ," ಎಂದಳು. ನಾನು ಬರೆದೆ. "ಹೆಬ್ಬೆರಳು ಒಳಗೆ ಹೋಗ್ತದೆ. ಮತ್ತೆ ಕಣ್ಣು. ಕಣ್ಣು ಬಲಕ್ಕೆ ಮೇಲೆ ಹೋಗ್ತದೆ, ಬಿಳಿ ಮಾತ್ರ ಕಾಣ್ತದೆ. ಬಾಯಲ್ಲಿ ನೊರೆ. ನೀನು ಕೂಗುದಿಲ್ಲ. ಒಂದು ಶಬ್ದ ಕೂಡ ಇಲ್ಲ."

ಪೆನ್ನು ನಿಲ್ಲಿಸಿದೆ. "ಕುಸುಮಾ ಅಂತ ಕೂಗಿದ್ದೆನಂತಲ್ಲ?"

"ನೀನಲ್ಲ. ನಾನು ಕೂಗಿದ್ದು."

ಅಮ್ಮ ಅಳಲಿಲ್ಲ. ಅಕ್ಕಿಯನ್ನೇ ನೋಡುತ್ತ ಹೇಳುತ್ತ ಹೋದಳು, ನಾನು ಬರೆಯುತ್ತ ಹೋದೆ. ಕುಸುಮಳಿಗೆ ಜ್ವರ ಬಂದದ್ದಲ್ಲ. ಇದೇ ಬಂದದ್ದು. ಇದೇ ಬಲಗೈ, ಒಳಗೆ ಹೋದ ಹೆಬ್ಬೆರಳು, ಇದೇ ಬೀಗದ ಕೈ. ಮೂರನೆಯ ಸಲ ಬಂದದ್ದು ಬಿಡಲೇ ಇಲ್ಲ, ಅಮ್ಮನ ಮಡಿಲಲ್ಲೇ ಹೋದಳು. ಮುಂದೆ ಹುಟ್ಟುವ ಹೆಣ್ಣಿಗೆ ಸಂಬಂಧ ಬರುವುದಿಲ್ಲ ಎಂದು ಮಾವ ಜ್ವರ ಎಂದು ಹೇಳಿಸಿದರು. ಆಸ್ಪತ್ರೆಯಲ್ಲಿ ಅಪ್ಪ 'ಯಾರಿಗೂ ಇಲ್ಲ' ಎಂದದ್ದೂ ಅದಕ್ಕೇ. ನಾನು ಚಾವಡಿಯಲ್ಲಿ ಬಿದ್ದಾಗ ಅಮ್ಮನಿಗೆ ಕಂಡದ್ದು ನಾನಲ್ಲ.

"ಮತ್ತೆ ಜಲಜಕ್ಕ ಹೇಳುವಾಗ ಯಾಕೆ ಸುಮ್ಮನಿದ್ದೆ?"

"ಅವಳು ಬಂದಿದ್ದಾಳೆ ಅಂತ ಎಲ್ಲರೂ ಹೇಳಿದ್ರು. ನಂಗೆ ಹೆದರಿಕೆ ಆಗ್ಲಿಲ್ಲ ಮಗಾ. ಖುಷಿ ಆಯ್ತು. ಬರಲಿ ಅಂತ ಆಯ್ತು. ಒಂದು ಸೀರೆ ಉಡಿಸಿ ಕಳಿಸುವ ಅಂತ ಆಯ್ತು." ನನ್ನ ಎಡಗೈ ಮುಟ್ಟಿ, "ನಿನ್ನ ಕೈ ಬೆಂದದ್ದು ನನ್ನಿಂದ," ಎಂದಳು.

ನನಗೆ ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ಅಟ್ಟಕ್ಕೆ ಏರಿಸಿದ ಡಬ್ಬಿ ನೆನಪಾಯಿತು, ಚಿಲಕ ಹಾಕಿದ ಬಾಗಿಲು ನೆನಪಾಯಿತು. ಆದರೆ 'ಹೌದು' ಎಂದು ಬರೆದ ಕೈ ನನ್ನದೇ ಅಲ್ಲವೇ? ಯಾರನ್ನು ಬೈಯುವುದು? ಕಾಗದ ಬರೆಸಿದವರಿಗೆ ಮಾಡುವಂತೆ ಬರೆದದ್ದನ್ನೆಲ್ಲ ಅಮ್ಮನಿಗೆ ಓದಿ ಹೇಳಿದೆ. ತಲೆಯಾಡಿಸಿದಳು. ಆಮೇಲೆ ಪುಸ್ತಕದ ಮೊದಲ ಪುಟಕ್ಕೆ ಹೋಗಿ, ನನ್ನ ಹೆಸರಿನ ಮೇಲೆ ಉಳಿದಿದ್ದ ಜಾಗದಲ್ಲಿ 'ಕುಸುಮ, ಮೂರು ವರ್ಷ' ಎಂದು ಬರೆದೆ. ಅಕ್ಕನ ಹೆಸರು ನಮ್ಮ ಮನೆಯಲ್ಲಿ ಅಕ್ಷರದಲ್ಲಿ ಕಂಡದ್ದು ಅದೇ ಮೊದಲು.

ಅಮ್ಮ ಹೇಳಿ ಬರೆಸಿದ ಪುಟವನ್ನು ಡಾಕ್ಟರು ಎರಡು ಸಲ ಓದಿದರು. "ಇದು ಮೊದಲೇ ಗೊತ್ತಿದ್ರೆ," ಎಂದು ಅರ್ಧಕ್ಕೆ ನಿಲ್ಲಿಸಿ, ಅಪ್ಪನ ಮುಖ ನೋಡಿ, ಉಳಿದದ್ದನ್ನು ಹೇಳಲಿಲ್ಲ. ಅದು ಅವರ ದೊಡ್ಡತನ. ಮಾತ್ರೆ ಬದಲಾಯಿಸಿದರು. ಸರಿಯಾದ ಲೆಕ್ಕಕ್ಕೆ ಬರಲು ಮತ್ತೂ ಎರಡು ವರ್ಷ ಹಿಡಿಯಿತು. ಪುಸ್ತಕಗಳು ಮೂರು ತುಂಬಿದವು. ನಾನು ಓಣಿಯ ಕಾಗದಗಳನ್ನೂ ಬರೆಯತೊಡಗಿದೆ, ಮೊದಲ ಸಾಲನ್ನು ಮಾತ್ರ ಅವರು ಹೇಳಿದ ಮೇಲೆಯೇ ಬರೆಯುತ್ತಿದ್ದೆ. ಅಕ್ಕ ಹೋಗಿಬಿಟ್ಟಳು ಎಂದು ಹೇಳಲಾರೆ. ಮಲ್ಲಿಗೆಯ ಪರಿಮಳ ಬಂದರೆ ಈಗಲೂ ಹಿಂದೆ ತಿರುಗಿ ನೋಡುತ್ತೇನೆ.

ಹಾಗೆ ಹೇಳಿ ಬರೆಸಿದ ನಂತರ ಮೊದಲ ಸಲ ಬಿದ್ದದ್ದು ಸುಮಾರು ಒಂದು ತಿಂಗಳಿಗೆ, ಇದೇ ಚಾವಡಿಯಲ್ಲಿ. ಎಚ್ಚರವಾದಾಗ ಬಲಗೈ ನೋಯುತ್ತಿರಲಿಲ್ಲ. ನೋಡಿದರೆ ಬೀಗದ ಕೈ ಇಲ್ಲ, ಅಮ್ಮನ ಕೈ ಇತ್ತು. ನಾಲಗೆ ಹೊರಳಲು ಸ್ವಲ್ಪ ಹೊತ್ತು ಬೇಕಾಯಿತು. ನಾನು ಕೇಳುವ ಮೊದಲೇ ಅಮ್ಮ ಎದ್ದು ಪುಸ್ತಕ, ಪೆನ್ನು ತಂದು ಎದುರಿಗಿಟ್ಟಳು.

"ಬಲಗೈ ಮೊದಲು. ಕಣ್ಣು ಬಲಕ್ಕೆ. ಎಂಬತ್ತು ಎಣಿಸುವಾಗ ನಿಂತಿತು," ಎಂದಳು. 'ನಡುವೆ' ಎಂಬಲ್ಲಿ ಬರೆದೆ.

"ಮುಗಿಯಿತಾ?"

"ಇಲ್ಲ. ಇನ್ನೊಂದು ಉಂಟು," ಎಂದಳು. "ಈ ಸಲ ನಾನು ಕುಸುಮಾ ಅಂತ ಕರೆಯಲಿಲ್ಲ. ವಾರಿಜಾ ಅಂತಲೇ ಕರೆದೆ. ಅದನ್ನೂ ಬರಿ."

ಬರೆದೆ.